ಕತ್ತರಿ ಮತ್ತು ಬಾಚಣಿಗೆಯನ್ನು ಹಿಡಿದು ನಡೆಸುವ ಕ್ರಮ: ಕೂದಲು ಕತ್ತರಿಸಲು ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕೂದಲು ಕತ್ತರಿಸಲು ಕಲಿಯುತ್ತಿರುವವರು ಹೇಳಿಕೊಳ್ಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗೆರೆ ನೇರವಾಗಿ ಬರುವುದಿಲ್ಲ, ಹಿಂದಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಹತ್ತು ನಿಮಿಷದೊಳಗೆ ಹೆಬ್ಬೆರಳು ನೋಯತೊಡಗುತ್ತದೆ, ಕತ್ತರಿಸುವಾಗ ಬಾಚಣಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ರತಿ ಸಲವೂ ಮೇಜಿನ ಮೇಲಿಟ್ಟು ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ. ಹೀಗಾದಾಗ ಹಲವರು ಬೇರೆ ಕತ್ತರಿ ತರುತ್ತಾರೆ ಅಥವಾ ಬೇರೆ ಬಗೆಯ ಕ್ರಾಪನ್ನು ಪ್ರಯತ್ನಿಸುತ್ತಾರೆ. ಆದರೂ ಅವೇ ತಪ್ಪುಗಳು ಮರಳಿ ಬರುತ್ತವೆ. ನಾನು ಕಂಡ ಮಟ್ಟಿಗೆ ಇದರ ಮೂಲ ಒಂದೇ: ಎರಡು ಕೈಗಳು ಕೆಲಸ ಹಂಚಿಕೊಳ್ಳುವುದನ್ನು ಕಲಿಯುವ ಮೊದಲೇ ಕತ್ತರಿ ಕೂದಲಿಗೆ ತಗುಲಿರುತ್ತದೆ. ಕೂದಲನ್ನು ಸಾಲುಗೂಡಿಸುವುದು, ಅಳೆಯುವುದು, ಹದವಾಗಿ ಹಿಡಿದು ಕೊಡುವುದು ಇವೆಲ್ಲ ಬಾಚಣಿಗೆಯ ಮತ್ತು ಎಡಗೈಯ ಕೆಲಸಗಳು. ಕತ್ತರಿ ಆ ಅಳತೆಯನ್ನು ಪಾಲಿಸಿದರೆ ಸಾಕು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲ ನಾಲ್ಕು ಹಂತಗಳಲ್ಲಿ ಯಾರ ಕೂದಲನ್ನೂ ಕತ್ತರಿಸುವುದಿಲ್ಲ. ಈ ಹಂತಗಳು ಬೇಸರ ತರಿಸಬಹುದು, ಆದರೆ ಇವನ್ನು ಹಾರಿಸಿ ಮುಂದಕ್ಕೆ ಹೋದವರೇ ಮತ್ತೆ ಮತ್ತೆ ಸೋಲುತ್ತಾರೆ. ವಿವರಣೆಯನ್ನು ಬಲಗೈಯಲ್ಲಿ ಕತ್ತರಿ ಹಿಡಿಯುವವರಿಗೆ ಹೊಂದುವಂತೆ ಬರೆದಿದೆ. ಎಡಚರು ಕೈಗಳನ್ನು ಅದಲುಬದಲು ಮಾಡಿ ಓದಿಕೊಳ್ಳಬೇಕು.

ಬೇಕಾಗುವ ಸಲಕರಣೆಗಳು

ಕೂದಲು ಕತ್ತರಿಸಲೆಂದೇ ತಯಾರಾದ ಕತ್ತರಿಯೇ ಬೇಕು. ಕಾಗದ ಅಥವಾ ಬಟ್ಟೆ ಕತ್ತರಿಸುವ ಕತ್ತರಿಯ ಅಲಗು ದಪ್ಪವಾಗಿರುವುದರಿಂದ ಅದು ಕೂದಲನ್ನು ಕತ್ತರಿಸುವ ಮೊದಲು ಮುಂದಕ್ಕೆ ತಳ್ಳುತ್ತದೆ, ಹಾಗೆ ತಳ್ಳಿದ ಕಡೆ ಗೆರೆ ಬಾಗುತ್ತದೆ. ಆರಂಭಕ್ಕೆ 5.5 ಇಂಚಿನಿಂದ 6 ಇಂಚಿನವರೆಗಿನ ಕತ್ತರಿ ಸೂಕ್ತ. ಈ ಉದ್ದವನ್ನು ಅಲಗಿನ ತುದಿಯಿಂದ ಉದ್ದದ ಹಿಡಿಕೆಯ ಉಂಗುರದ ಕೊನೆಯವರೆಗೆ ಅಳೆಯುತ್ತಾರೆ. ಕಿರುಬೆರಳಿಗೆಂದು ಹಿಂದಕ್ಕೆ ಚಾಚಿಕೊಂಡಿರುವ ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಚಣಿಗೆಯ ಮೇಲೆ ಕತ್ತರಿಸುವ ವಿಧಾನಕ್ಕೆ 6.5 ಅಥವಾ 7 ಇಂಚಿನ ಕತ್ತರಿ ಹೆಚ್ಚು ಅನುಕೂಲಕರ, ಆದರೆ ಕಲಿಕೆಯ ಮೊದಲ ದಿನಗಳಿಗೆ ಒಂದೇ ಕತ್ತರಿ ಸಾಕು.

ಎಡಚರಿಗೆ ಎಡಗೈ ಕತ್ತರಿಯೇ ಬೇಕು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳಿನ ಒತ್ತಡವು ಎರಡು ಅಲಗುಗಳನ್ನು ಒಂದಕ್ಕೊಂದು ಒತ್ತುವ ಬದಲು ದೂರ ಮಾಡುತ್ತದೆ, ಕೂದಲು ಅವುಗಳ ನಡುವೆ ಮಡಚಿಕೊಳ್ಳುತ್ತದೆ. ಕತ್ತರಿಯನ್ನು ತಿರುಗಿಸಿ ಹಿಡಿದರೂ ಈ ದೋಷ ಹೋಗುವುದಿಲ್ಲ.

ಬಾಚಣಿಗೆ ಸುಮಾರು 7 ಇಂಚು ಉದ್ದವಿದ್ದು, ಅದರ ಅರ್ಧ ಭಾಗದಲ್ಲಿ ಹಲ್ಲುಗಳು ವಿರಳವಾಗಿಯೂ ಉಳಿದರ್ಧದಲ್ಲಿ ಒತ್ತಾಗಿಯೂ ಇರಬೇಕು. ಹಲ್ಲು ಮುರಿದ ಅಥವಾ ಹಲ್ಲಿನ ನಡುವೆ ಚೂಪಾದ ಅಂಚು ಉಳಿದಿರುವ ಬಾಚಣಿಗೆಯನ್ನು ಬಳಸಬಾರದು, ಅದು ತಲೆಯ ಚರ್ಮವನ್ನು ಗೀರುತ್ತದೆ. ಇವುಗಳ ಜೊತೆಗೆ ನಾಲ್ಕರಿಂದ ಆರು ಕ್ಲಿಪ್‌ಗಳು, ನೀರು ಸಿಂಪಡಿಸುವ ಸ್ಪ್ರೇ ಬಾಟಲಿ, ಮೈಮೇಲೆ ಹೊದಿಸುವ ಬಟ್ಟೆ, ಒಂದು ಟವೆಲ್ ಮತ್ತು ಕನ್ನಡಿ ಇರಲಿ. ಕುಳಿತವರ ತಲೆ ನಿಮ್ಮ ಎದೆಯ ಮಟ್ಟಕ್ಕೆ ಬರುವಂತಹ ಆಸನವನ್ನು ಹೊಂದಿಸಿಕೊಳ್ಳಿ. ತಗ್ಗಿನ ಕುರ್ಚಿಯಾದರೆ ನೀವು ಬಗ್ಗುತ್ತೀರಿ, ಬಗ್ಗಿದಾಗ ಭುಜ ಓರೆಯಾಗುತ್ತದೆ, ಭುಜದೊಂದಿಗೆ ಕತ್ತರಿಯೂ ಓರೆಯಾಗುತ್ತದೆ.

ಹಂತ 1: ಕತ್ತರಿಯನ್ನು ಪರೀಕ್ಷಿಸುವುದು

ಎರಡು ವಿಷಯಗಳನ್ನು ನೋಡಬೇಕು: ಹರಿತ ಮತ್ತು ಬಿಗಿ. ಹರಿತವನ್ನು ನೋಡಲು ತೆಳುವಾದ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ, ಅಲಗಿನ ಬುಡದಿಂದ ತುದಿಯವರೆಗೆ ಒಂದೇ ಸಲ ಮುಚ್ಚಿ ಕತ್ತರಿಸಿ. ಕಾಗದ ಮಡಚಿಕೊಂಡರೆ, ಹರಿದರೆ ಅಥವಾ ಎಲ್ಲಾದರೂ ಸಿಕ್ಕಿಕೊಂಡರೆ ಅಲಗಿನ ಆ ಭಾಗ ಮೊಂಡಾಗಿದೆ ಎಂದರ್ಥ. ಅಂಥ ಕತ್ತರಿಯನ್ನು ಸಾಣೆ ಹಿಡಿಸದೆ ಬಳಸಬೇಡಿ. ಸಾಣೆಯನ್ನು ಕೂದಲಿನ ಕತ್ತರಿಗಳನ್ನು ಬಲ್ಲವರಿಂದಲೇ ಮಾಡಿಸುವುದು ಅಗತ್ಯ, ಏಕೆಂದರೆ ಅಡುಗೆಮನೆಯ ಚಾಕುವನ್ನು ಮಸೆಯುವ ರೀತಿಯಲ್ಲಿ ಮಸೆದರೆ ಅಲಗಿನ ಸೂಕ್ಷ್ಮವಾದ ಅಂಚು ಮತ್ತೆ ಸರಿಪಡಿಸಲಾಗದಂತೆ ಹಾಳಾಗಬಹುದು.

ಬಿಗಿಯನ್ನು ನೋಡಲು ಕತ್ತರಿಯ ತುದಿ ಮೇಲ್ಮುಖವಾಗಿರುವಂತೆ ಒಂದು ಹಿಡಿಕೆಯನ್ನು ಹಿಡಿದು, ಇನ್ನೊಂದು ಹಿಡಿಕೆಯನ್ನು ಲಂಬಕೋನದಷ್ಟು ತೆರೆದು ಬಿಟ್ಟುಬಿಡಿ. ಅದು ತಾನಾಗಿಯೇ ಇಳಿದು, ಪೂರ್ತಿ ಮುಚ್ಚಿಕೊಳ್ಳದೆ, ಸ್ವಲ್ಪ ತೆರೆದ ಸ್ಥಿತಿಯಲ್ಲಿ ನಿಲ್ಲಬೇಕು. ಟಪ್ಪೆಂದು ಮುಚ್ಚಿಕೊಂಡರೆ ಸ್ಕ್ರೂ ಸಡಿಲವಾಗಿದೆ, ಕತ್ತರಿಸುವಾಗ ಕೂದಲು ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಬಿಟ್ಟಲ್ಲಿಯೇ ನಿಂತರೆ ಬಿಗಿ ಹೆಚ್ಚಾಗಿದೆ, ಹೆಬ್ಬೆರಳು ಬೇಗ ದಣಿಯುತ್ತದೆ, ಅಂಚೂ ಬೇಗ ಸವೆಯುತ್ತದೆ. ಸ್ಕ್ರೂವನ್ನು ಒಂದೇ ಸಲಕ್ಕೆ ಹೆಚ್ಚು ತಿರುಗಿಸದೆ, ಸ್ವಲ್ಪವೇ ತಿರುಗಿಸಿ ಮತ್ತೆ ಪರೀಕ್ಷಿಸಿ. ಕತ್ತರಿಯನ್ನು ಗಾಳಿಯಲ್ಲಿ ಕಚಕಚನೆ ಮುಚ್ಚಿ ನೋಡುವ ಅಭ್ಯಾಸ ಬೇಡ. ನಡುವೆ ಕತ್ತರಿಸಲು ಏನೂ ಇಲ್ಲದಿರುವಾಗ ಎರಡು ಅಂಚುಗಳು ಒಂದನ್ನೊಂದು ತಿನ್ನುತ್ತವೆ.

ಹಂತ 2: ಬೆರಳುಗಳನ್ನು ಸರಿಯಾದ ಜಾಗಕ್ಕೆ ತರುವುದು

ಮನೆಯ ಕತ್ತರಿಯನ್ನು ನಾವು ಹೆಬ್ಬೆರಳು ಮತ್ತು ಮಧ್ಯದ ಬೆರಳಿನಿಂದ ಹಿಡಿಯುತ್ತೇವೆ, ಹೆಬ್ಬೆರಳನ್ನು ಉಂಗುರದೊಳಗೆ ಬುಡದವರೆಗೂ ತೂರಿಸುತ್ತೇವೆ. ಕೂದಲಿನ ಕತ್ತರಿಗೆ ಈ ಹಿಡಿತ ಹೊಂದುವುದಿಲ್ಲ. ಇಲ್ಲಿ ಒಂದು ಉಂಗುರದಲ್ಲಿ ಉಂಗುರ ಬೆರಳು ಇರಬೇಕು, ಅದೂ ತುದಿಯಿಂದ ಮೊದಲ ಮತ್ತು ಎರಡನೆಯ ಗೆಣ್ಣುಗಳ ನಡುವಿನವರೆಗೆ ಮಾತ್ರ. ಕಿರುಬೆರಳು ಹಿಂಬದಿಯ ಕೊಂಡಿಯ ಮೇಲೆ ಕೂರಬೇಕು. ತೋರುಬೆರಳು ಮತ್ತು ಮಧ್ಯದ ಬೆರಳು ಸ್ವಲ್ಪ ಬಾಗಿ ಹಿಡಿಕೆಯ ದಂಡದ ಮೇಲೆ ಒರಗಬೇಕು. ಹೀಗೆ ನಾಲ್ಕು ಬೆರಳುಗಳು ಸೇರಿ ಒಂದು ಅಲಗನ್ನು ಅಲುಗದಂತೆ ಹಿಡಿಯುತ್ತವೆ. ಇದನ್ನು ಸ್ಥಿರ ಅಲಗು ಎಂದು ಕರೆಯೋಣ.

ಎರಡನೆಯ ಉಂಗುರದಲ್ಲಿ ಹೆಬ್ಬೆರಳಿನ ತುದಿ ಮಾತ್ರ ಇರಬೇಕು. ಉಗುರಿನ ಬುಡ ಉಂಗುರದ ಅಂಚಿಗೆ ಬಂದರೆ ಅಷ್ಟೇ ಸಾಕು. ಗೆಣ್ಣು ಒಳಗೆ ಹೋದ ಕೂಡಲೇ ಎರಡು ತೊಂದರೆಗಳು ಶುರುವಾಗುತ್ತವೆ. ಮೊದಲನೆಯದಾಗಿ, ಹೆಬ್ಬೆರಳು ಆಡಿದಾಗ ಇಡೀ ಕೈ ಆಡಿ ಸ್ಥಿರ ಅಲಗೂ ಕದಲುತ್ತದೆ. ಎರಡನೆಯದಾಗಿ, ಮುಂದೆ ನಾಲ್ಕನೆಯ ಹಂತದಲ್ಲಿ ಹೇಳುವಂತೆ ಹೆಬ್ಬೆರಳನ್ನು ಕ್ಷಣದಲ್ಲಿ ಹೊರತೆಗೆಯಬೇಕಾಗುತ್ತದೆ, ಆಳಕ್ಕೆ ಹೋದ ಬೆರಳು ಹಾಗೆ ಬರುವುದಿಲ್ಲ. ಉಂಗುರ ನಿಮ್ಮ ಬೆರಳಿಗಿಂತ ದೊಡ್ಡದಾಗಿದ್ದರೆ ಅದರೊಳಗೆ ಕೂರಿಸುವ ರಬ್ಬರಿನ ಬಳೆಗಳು ಸಿಗುತ್ತವೆ, ಅವನ್ನು ಹಾಕಿಕೊಳ್ಳಿ. ಹಿಡಿತದ ತಪ್ಪುಗಳಲ್ಲಿ ಸಾಕಷ್ಟು ಭಾಗ ಸಡಿಲವಾದ ಉಂಗುರದಿಂದಲೇ ಹುಟ್ಟುತ್ತದೆ, ಏಕೆಂದರೆ ಕತ್ತರಿ ಜಾರದಿರಲೆಂದು ಬೆರಳು ತಾನಾಗಿಯೇ ಒಳಕ್ಕೆ ಹೋಗುತ್ತದೆ.

ಮಣಿಕಟ್ಟು ಮುಂಗೈಯೊಂದಿಗೆ ಆದಷ್ಟು ಒಂದೇ ಗೆರೆಯಲ್ಲಿರಲಿ, ಮೊಣಕೈ ಭುಜದ ಎತ್ತರಕ್ಕಿಂತ ಕೆಳಗಿರಲಿ. ಮಣಿಕಟ್ಟನ್ನು ತೀರಾ ಬಗ್ಗಿಸಿಯೇ ಕತ್ತರಿಸಬೇಕಾಗಿ ಬಂದರೆ ನೀವು ನಿಂತಿರುವ ಜಾಗ ತಪ್ಪಾಗಿದೆ ಎಂದು ತಿಳಿಯಿರಿ. ಕೈಯನ್ನು ತಿರುಚದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಹಂತ 3: ಹೆಬ್ಬೆರಳೊಂದನ್ನೇ ಆಡಿಸುವ ಅಭ್ಯಾಸ

ಇಡೀ ಕಲಿಕೆಯಲ್ಲಿ ಹೆಚ್ಚು ಮಹತ್ವದ ಹಂತ ಇದು. ಕತ್ತರಿ ತೆರೆದು ಮುಚ್ಚುವಾಗ ಸ್ಥಿರ ಅಲಗು ಕಲ್ಲಿನಂತೆ ನಿಂತಿರಬೇಕು. ಹೆಬ್ಬೆರಳಿಗೆ ಸೇರಿದ ಚಲಿಸುವ ಅಲಗು ಮಾತ್ರ ಏರಿಳಿಯಬೇಕು. ಹೊಸಬರ ಕೈಯಲ್ಲಿ ಎರಡೂ ಅಲಗುಗಳು ಒಟ್ಟಿಗೆ ಚಲಿಸಿ ನಡುವೆ ಸೇರುತ್ತವೆ. ಆಗ ಕತ್ತರಿಸುವ ಬಿಂದು ಪ್ರತಿ ಸಲವೂ ಬೇರೆ ಎತ್ತರದಲ್ಲಿ ಬೀಳುತ್ತದೆ. ಗೆರೆ ಹಲ್ಲುಹಲ್ಲಾಗಿ ಬರುವುದಕ್ಕೆ ಕಣ್ಣಿನ ಅಂದಾಜು ತಪ್ಪಿದ್ದು ಕಾರಣವೆಂದು ಕಲಿಯುವವರು ನಂಬುತ್ತಾರೆ, ನಿಜವಾದ ಕಾರಣ ಇಲ್ಲಿದೆ.

ಅಭ್ಯಾಸಕ್ಕೆ ಮೇಜಿನ ಅಂಚನ್ನು ಬಳಸಿಕೊಳ್ಳಿ. ಸ್ಥಿರ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ತಾಗಿಸಿ, ಅದು ಅಂಚನ್ನು ಬಿಟ್ಟು ಕದಲದಂತೆ ನೋಡಿಕೊಳ್ಳುತ್ತಾ ಹೆಬ್ಬೆರಳಿನಿಂದ ಕತ್ತರಿಯನ್ನು ನಿಧಾನವಾಗಿ ತೆರೆದು, ಪೂರ್ತಿ ಮುಚ್ಚುವ ಮೊದಲೇ ನಿಲ್ಲಿಸಿ, ಮತ್ತೆ ತೆರೆಯಿರಿ. ಅಲಗು ಅಂಚಿನಿಂದ ಎದ್ದರೆ ಬೇರೆ ಬೆರಳುಗಳೂ ಆಡುತ್ತಿವೆ ಎಂದರ್ಥ. ಐದು ನಿಮಿಷ ಹೀಗೆ ಮಾಡಿ, ಕೈಗೆ ವಿಶ್ರಾಂತಿ ಕೊಟ್ಟು, ಇನ್ನೊಂದು ಹೊತ್ತಿನಲ್ಲಿ ಮತ್ತೆ ಐದು ನಿಮಿಷ ಮಾಡಿ. ಅನಂತರ ಮೇಜಿನ ಆಸರೆಯಿಲ್ಲದೆ, ಎಡಗೈಯಲ್ಲಿ ಅಡ್ಡಲಾಗಿ ಹಿಡಿದ ಬಾಚಣಿಗೆಯ ಬೆನ್ನಿಗೆ ಸ್ಥಿರ ಅಲಗನ್ನು ಸಮಾನಾಂತರವಾಗಿಟ್ಟು ಅದೇ ಚಲನೆಯನ್ನು ಮಾಡಿ. ಕೊನೆಯದಾಗಿ ಬಾಚಣಿಗೆ ಮತ್ತು ಕತ್ತರಿ ಎರಡನ್ನೂ ಒಟ್ಟಿಗೆ, ಅವುಗಳ ನಡುವಿನ ಅಂತರ ಬದಲಾಗದಂತೆ, ಮೇಲಕ್ಕೆ ಸರಿಸುತ್ತಾ ಮಾಡಿ. ಈ ಕೊನೆಯ ಅಭ್ಯಾಸ ಸಲೀಸಾಗಲು ಕೆಲವು ದಿನಗಳು ಬೇಕಾಗುತ್ತವೆ. ಅಷ್ಟು ದಿನ ಕೊಟ್ಟವರಿಗೆ ಏಳನೆಯ ಹಂತ ಬಹಳ ಹಗುರವಾಗುತ್ತದೆ.

ಹಂತ 4: ಕತ್ತರಿಯನ್ನು ಅಂಗೈಯಲ್ಲಿ ಅಡಗಿಸುವುದು ಮತ್ತು ಬಾಚಣಿಗೆಯ ಕೈಬದಲಾವಣೆ

ಬಾಚುವಾಗಲೂ ಕತ್ತರಿಸುವಾಗಲೂ ಎರಡು ಉಪಕರಣಗಳು ಕೈಯಲ್ಲಿಯೇ ಇರಬೇಕು. ಬಾಚುವ ಸಮಯದಲ್ಲಿ ಕತ್ತರಿಯನ್ನು ಮುಚ್ಚಿ, ಹೆಬ್ಬೆರಳನ್ನು ಉಂಗುರದಿಂದ ಹೊರತೆಗೆದು, ಉಂಗುರ ಬೆರಳಿಗೆ ನೇತುಬಿದ್ದ ಕತ್ತರಿ ಅಂಗೈಯೊಳಗೆ ಒರಗುವಂತೆ ಮಧ್ಯದ, ಉಂಗುರದ ಮತ್ತು ಕಿರುಬೆರಳುಗಳನ್ನು ಮಡಚಿಕೊಳ್ಳಿ. ಈಗ ಹೆಬ್ಬೆರಳು ಮತ್ತು ತೋರುಬೆರಳು ಬಿಡುವಾಗಿವೆ, ಅವುಗಳಿಂದ ಬಾಚಣಿಗೆಯನ್ನು ಹಿಡಿದು ಬಾಚಬಹುದು. ಕತ್ತರಿ ಮುಚ್ಚಿರುವುದು ಇಲ್ಲಿ ಕಡ್ಡಾಯ. ತೆರೆದ ಕತ್ತರಿಯನ್ನು ಅಂಗೈಯಲ್ಲಿಟ್ಟು ಬಾಚಿದಾಗ ಅದರ ತುದಿ ಕುಳಿತವರ ಕಿವಿ, ಕೆನ್ನೆ, ಕಣ್ಣುಗಳ ಬಳಿ ಸುಳಿದಾಡುತ್ತಿರುತ್ತದೆ.

ಬಾಚಿದ ಕೂದಲನ್ನು ಎಡಗೈಯ ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಹಿಡಿದ ಮೇಲೆ, ಬಾಚಣಿಗೆಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಬುಡದ ನಡುವಿನ ಸಂದಿಗೆ ದಾಟಿಸಿ. ಬಲಗೈಯ ಹೆಬ್ಬೆರಳು ಮತ್ತೆ ಉಂಗುರಕ್ಕೆ ಹೋಗುತ್ತದೆ, ಕತ್ತರಿ ತೆರೆಯುತ್ತದೆ, ಕೂದಲು ಕತ್ತರಿಸಲ್ಪಡುತ್ತದೆ. ಬಳಿಕ ಕತ್ತರಿ ಮುಚ್ಚಿ, ಹೆಬ್ಬೆರಳು ಹೊರಬಂದು, ಬಾಚಣಿಗೆ ಬಲಗೈಗೆ ಮರಳುತ್ತದೆ. ಈ ಚಕ್ರವನ್ನು ಮೊದಲು ಗಾಳಿಯಲ್ಲಿ, ಆಮೇಲೆ ಉಲ್ಲನ್ ದಾರದ ಒಂದು ಗೊಂಚಲನ್ನು ಕುರ್ಚಿಯ ಬೆನ್ನಿಗೆ ಕಟ್ಟಿ ಅದರ ಮೇಲೆ ಮಾಡಿ. ವೇಗದ ಬಗ್ಗೆ ಯೋಚಿಸಬೇಡಿ. ಕೈಯನ್ನು ನೋಡದೆ ಇಪ್ಪತ್ತು ಸಲ ಸತತವಾಗಿ ತಪ್ಪಿಲ್ಲದೆ ಮಾಡಬಲ್ಲಿರಾದರೆ ಮುಂದಿನ ಹಂತಕ್ಕೆ ಹೋಗಬಹುದು.

ಇಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೆಂದರೆ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಳ್ಳುವುದು. ಅದು ಶುಚಿಯಾದ ಅಭ್ಯಾಸವಲ್ಲ, ಅಷ್ಟೇ ಅಲ್ಲದೆ ಪ್ರತಿ ಸಲವೂ ಕೈ ಮುಖದ ಕಡೆಗೆ ಹೋಗಿ ಬರುವಷ್ಟರಲ್ಲಿ ಹಿಡಿದ ಕೂದಲಿನ ಬಿಗಿ ಸಡಿಲವಾಗಿರುತ್ತದೆ.

ಹಂತ 5: ಕೂದಲನ್ನು ಸಿದ್ಧಗೊಳಿಸುವುದು

ಮೊದಲು ಒಣಗಿದ ಕೂದಲನ್ನು ಸುಮ್ಮನೆ ನೋಡಿ. ನೆತ್ತಿಯ ಸುಳಿ ಎಲ್ಲಿದೆ, ಕತ್ತಿನ ಹಿಂಭಾಗದಲ್ಲಿ ಕೂದಲು ಯಾವ ದಿಕ್ಕಿಗೆ ಬೆಳೆದಿದೆ, ಹಣೆಯಂಚಿನಲ್ಲಿ ಎದ್ದು ನಿಲ್ಲುವ ಎಳೆಗಳಿವೆಯೇ ಎಂಬುದನ್ನು ಗುರುತಿಸಿಕೊಳ್ಳಿ. ನೀರು ತಾಗಿದ ಮೇಲೆ ಇವೆಲ್ಲ ಮಲಗಿಬಿಡುತ್ತವೆ, ಕತ್ತರಿಸಿ ಒಣಗಿದ ಮೇಲೆ ಮತ್ತೆ ಏಳುತ್ತವೆ. ಇದೇ ಸಮಯದಲ್ಲಿ ತಲೆಯ ಚರ್ಮವನ್ನೂ ನೋಡಬೇಕು. ಹುಣ್ಣು, ಕೀವು, ಹೇನು ಅಥವಾ ವೃತ್ತಾಕಾರದಲ್ಲಿ ಕೂದಲು ಉದುರಿದ, ಹೊಟ್ಟು ಕಟ್ಟಿದ ಜಾಗ ಕಂಡರೆ ಅಂದು ಕತ್ತರಿಸದೆ, ವೈದ್ಯರಿಗೆ ತೋರಿಸುವಂತೆ ಹೇಳಿ.

ಸಿಕ್ಕು ಬಿಡಿಸುವಾಗ ಬಾಚಣಿಗೆಯ ವಿರಳ ಹಲ್ಲುಗಳಿಂದ ಕೂದಲಿನ ತುದಿಯಿಂದ ಆರಂಭಿಸಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬರುತ್ತಾ ಬುಡದವರೆಗೆ ಬಾಚಿ. ಬುಡದಿಂದಲೇ ಎಳೆದರೆ ಸಿಕ್ಕುಗಳೆಲ್ಲ ತುದಿಯಲ್ಲಿ ಒಟ್ಟುಗೂಡಿ ಗಂಟಾಗುತ್ತವೆ, ಕೂದಲು ಹರಿಯುತ್ತದೆ, ಕುಳಿತವರಿಗೂ ನೋವಾಗುತ್ತದೆ. ಅನಂತರ ಕೂದಲನ್ನು ಸಮವಾಗಿ ಒದ್ದೆ ಮಾಡಿ. ಒದ್ದೆ ಕೂದಲು ಒಣಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ, ಒಣಗಿದಾಗ ಹಿಂದಕ್ಕೆ ಸರಿಯುತ್ತದೆ. ಗುಂಗುರು ಕೂದಲಿನಲ್ಲಂತೂ ಈ ಕುಗ್ಗುವಿಕೆ ಎದ್ದು ಕಾಣುತ್ತದೆ. ಆದ್ದರಿಂದ ಬೇಕಾದ ಉದ್ದಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಾಗಿಯೇ ಉಳಿಸಿ ಮೊದಲ ಸುತ್ತನ್ನು ಮುಗಿಸುವುದು ಕ್ಷೇಮ. ತಲೆಗೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ, ಹೀಗಾಗಿ ಎರಡು ಸೆಂಟಿಮೀಟರಿನ ಒಂದು ತಪ್ಪು ಆ ವ್ಯಕ್ತಿಯ ತಲೆಯ ಮೇಲೆ ತಿಂಗಳಿಗೂ ಹೆಚ್ಚು ಕಾಲ ಉಳಿಯುತ್ತದೆ. ಒಂದು ಭಾಗ ಕತ್ತರಿಸುವಷ್ಟರಲ್ಲಿ ಇನ್ನೊಂದು ಭಾಗ ಒಣಗಿದ್ದರೆ ಮತ್ತೆ ನೀರು ಸಿಂಪಡಿಸಿ. ಅರ್ಧ ಒದ್ದೆ, ಅರ್ಧ ಒಣ ಕೂದಲಿನಲ್ಲಿ ಅಳತೆ ಹೊಂದುವುದೇ ಇಲ್ಲ.

ಈಗ ಹಣೆಯ ಮಧ್ಯದಿಂದ ಕತ್ತಿನವರೆಗೆ ಒಂದು ಬೈತಲೆ, ಒಂದು ಕಿವಿಯಿಂದ ನೆತ್ತಿಯ ಮೂಲಕ ಇನ್ನೊಂದು ಕಿವಿಗೆ ಇನ್ನೊಂದು ಬೈತಲೆ ತೆಗೆದು ತಲೆಯನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಕತ್ತರಿಸುವಾಗ ಪ್ರತಿ ಭಾಗದಿಂದ 1 ರಿಂದ 1.5 ಸೆಂಟಿಮೀಟರ್ ದಪ್ಪದ ಪದರವನ್ನಷ್ಟೇ ಬಿಡಿಸಿಕೊಳ್ಳಬೇಕು. ಪದರವನ್ನು ಹಿಡಿದಾಗ ಅದರೊಳಗಿನಿಂದ ಹಿಂದೆ ಕತ್ತರಿಸಿದ ಕೂದಲಿನ ತುದಿ ಕಾಣಬೇಕು, ಅದೇ ನಿಮ್ಮ ಅಳತೆಗೋಲು. ಅದು ಕಾಣದಿದ್ದರೆ ಪದರ ದಪ್ಪವಾಗಿದೆ. ಅಂದಾಜಿನ ಮೇಲೆ ಕತ್ತರಿಸಬೇಡಿ, ಬಿಟ್ಟು ತೆಳುವಾಗಿ ತೆಗೆದುಕೊಳ್ಳಿ.

ಹಂತ 6: ಬೆರಳುಗಳ ನಡುವೆ ಹಿಡಿದು ಕತ್ತರಿಸುವುದು

ಮೊದಲ ಅಳತೆಗೆರೆಯನ್ನು ಹಿಂದಲೆಯ ಕೆಳಗಿನ ಪದರದಲ್ಲಿ, ನಡುವಿನಿಂದ ಆರಂಭಿಸಿ. ಇಲ್ಲಿ ಕೂದಲನ್ನು ಎತ್ತದೆ, ಅದು ತಾನಾಗಿ ಬೀಳುವಂತೆಯೇ ಬಾಚಿ, ವಿರಳ ಹಲ್ಲುಗಳಿಂದ ಕತ್ತಿಗೆ ಒತ್ತದೆ ಹಿಡಿದು, ಬಾಚಣಿಗೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಕತ್ತರಿಸಿ. ನಡುವಿನ ಗೆರೆ ನಿಂತ ಮೇಲೆ ಎಡಕ್ಕೂ ಬಲಕ್ಕೂ ಮುಂದುವರಿಯಿರಿ. ಕುಳಿತವರ ತಲೆ ಆರಂಭದಿಂದ ಕೊನೆಯವರೆಗೆ ಒಂದೇ ಸ್ಥಿತಿಯಲ್ಲಿರಬೇಕು; ನಡುವೆ ಪಕ್ಕಕ್ಕೆ ತಿರುಗಿದರೆ ಗೆರೆ ಆ ಕಡೆಗೆ ಓರೆಯಾಗುತ್ತದೆ.

ಪದರಗಳನ್ನು ಮಾಡುವಾಗ ಕೂದಲನ್ನು ತಲೆಯ ಮೇಲ್ಮೈಗೆ ಲಂಬವಾಗಿ ಎತ್ತಿ, ಎಡಗೈಯ ತೋರುಬೆರಳು ಮತ್ತು ಮಧ್ಯದ ಬೆರಳುಗಳ ನಡುವೆ ಹಿಡಿಯಿರಿ. ಬಾಚಣಿಗೆಯನ್ನು ಬುಡದಿಂದ ತುದಿಯ ಕಡೆಗೆ ತರುತ್ತಿದ್ದಂತೆ ಬೆರಳುಗಳು ಅದನ್ನು ಹಿಂಬಾಲಿಸಬೇಕು. ಬಾಚಣಿಗೆ ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ಬೆರಳು ಹಿಡಿಯಬೇಕು. ಬಾಚಿದ ಮೇಲೆ ಬೆರಳುಗಳಿಂದ ಮತ್ತೊಮ್ಮೆ ಕೂದಲನ್ನು ಜಗ್ಗುವುದು ಹಲವರ ರೂಢಿ, ಆದರೆ ಹಾಗೆ ಜಗ್ಗಿದ ಕಡೆ ಕೂದಲು ಒಣಗಿದ ಮೇಲೆ ಉಳಿದದ್ದಕ್ಕಿಂತ ಗಿಡ್ಡವಾಗುತ್ತದೆ. ಬಿಗಿ ಎಷ್ಟಿರಬೇಕೆಂಬುದಕ್ಕಿಂತ ಎಲ್ಲ ಪದರಗಳಲ್ಲಿಯೂ ಒಂದೇ ಸಮನಾಗಿರುವುದು ಮುಖ್ಯ.

ನೆತ್ತಿಯ ಮೇಲೆ ಎತ್ತಿದ ಕೂದಲನ್ನು ಬೆರಳಿನ ಗೆಣ್ಣುಗಳ ಹೊರಬದಿಯಲ್ಲಿ ಕತ್ತರಿಸಬಹುದು. ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ತೆಗೆದ ಬೈತಲೆಗಳಿಗೆ ಎರಡು ಅಂಗೈಗಳೂ ಎದುರುಬದುರಾಗಿರುವಂತೆ, ಒಳಬದಿಯಲ್ಲಿ ಕತ್ತರಿಸುವುದು ಹೆಚ್ಚು ಹಿಡಿತ ಕೊಡುತ್ತದೆ. ಎರಡರಲ್ಲಿಯೂ ಒಂದು ಮಿತಿಯನ್ನು ಎಂದೂ ಮೀರಬಾರದು: ಎಡಗೈ ಬೆರಳಿನ ಎರಡನೆಯ ಗೆಣ್ಣನ್ನು ದಾಟಿ ಕತ್ತರಿ ಹೋಗಕೂಡದು. ಅದರಾಚೆ ಬೆರಳುಗಳ ಸಂದಿಯ ಮೆತ್ತನೆಯ ಚರ್ಮವಿದೆ, ಕಲಿಯುವವರು ಕೈ ಕೊಯ್ದುಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಕೂದಲಿನ ಪದರ ಅದಕ್ಕಿಂತ ಅಗಲವಾಗಿದ್ದರೆ ಎರಡು ಸಲ ಹಿಡಿಯಿರಿ. ಸ್ಥಿರ ಅಲಗು ಬೆರಳಿಗೆ ತಾಗಿಯೂ ತಾಗದಂತೆ ಸಮಾನಾಂತರವಾಗಿ ನಿಂತಿರಲಿ. ಆರಂಭದ ದಿನಗಳಲ್ಲಿ ಅಲಗಿನ ತುದಿಯ ಅರ್ಧವನ್ನು ಮಾತ್ರ ಬಳಸಿ, ಸಣ್ಣ ಸಣ್ಣ ಕಡಿತಗಳಲ್ಲಿ ಮುಂದುವರಿಯಿರಿ.

ಹಂತ 7: ಬಾಚಣಿಗೆಯ ಮೇಲೆ ಕತ್ತರಿಸುವುದು

ಬೆರಳುಗಳಿಗೆ ಸಿಗದಷ್ಟು ಗಿಡ್ಡ ಕೂದಲನ್ನು, ಅಂದರೆ ಕತ್ತಿನ ಹಿಂಭಾಗ ಮತ್ತು ಕಿವಿಯ ಸುತ್ತಲಿನ ಕೂದಲನ್ನು, ಬಾಚಣಿಗೆಯಲ್ಲಿಯೇ ಹಿಡಿದು ಕತ್ತರಿಸಬೇಕಾಗುತ್ತದೆ. ಇದನ್ನು ಒಣ ಕೂದಲಿನ ಮೇಲೆ ಮಾಡುವುದು ಉತ್ತಮ, ಏಕೆಂದರೆ ಕೂದಲು ಎಷ್ಟು ಎದ್ದು ನಿಲ್ಲುತ್ತದೆ, ಎಲ್ಲಿ ಕಪ್ಪಾಗಿ ಮತ್ತು ಎಲ್ಲಿ ತೆಳುವಾಗಿ ಕಾಣುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಕತ್ತರಿಸುವ ಜಾಗ ನಿಮ್ಮ ಕಣ್ಣಿನ ಮಟ್ಟದಲ್ಲಿರಲಿ. ಆಸನವನ್ನು ಎತ್ತರಿಸಲು ಆಗದಿದ್ದರೆ ನೀವೇ ಸ್ಟೂಲಿನ ಮೇಲೆ ಕುಳಿತು ಕತ್ತರಿಸಿ.

ಕತ್ತಿನ ಬಳಿ ಕೂದಲು ಶುರುವಾಗುವಲ್ಲಿ ಬಾಚಣಿಗೆಯನ್ನು ಹಲ್ಲುಗಳು ಮೇಲ್ಮುಖವಾಗಿರುವಂತೆ ತೂರಿಸಿ. ಹಲ್ಲುಗಳ ತುದಿ ತಲೆಯಿಂದ ಸ್ವಲ್ಪ ಹೊರಕ್ಕೆ ವಾಲಿರಲಿ. ಬಾಚಣಿಗೆ ಮೇಲೇರಿದಂತೆ ಈ ವಾಲು ಹೆಚ್ಚುತ್ತಾ ಹೋದರೆ ಕೆಳಗಿನ ಗಿಡ್ಡ ಕೂದಲು ಮೇಲಿನ ಉದ್ದ ಕೂದಲಿನೊಂದಿಗೆ ಗೆರೆ ಕಾಣದಂತೆ ಬೆರೆಯುತ್ತದೆ. ಸ್ಥಿರ ಅಲಗನ್ನು ಬಾಚಣಿಗೆಗೆ ಸಮಾನಾಂತರವಾಗಿಟ್ಟು, ಹಲ್ಲುಗಳಿಂದ ಹೊರಬಂದ ಕೂದಲನ್ನು ಮಾತ್ರ ಕತ್ತರಿಸುತ್ತಾ ಎರಡನ್ನೂ ಒಟ್ಟಿಗೆ ಮೇಲಕ್ಕೆ ಒಯ್ಯಿರಿ. ಹೆಬ್ಬೆರಳು ಒಂದೇ ಲಯದಲ್ಲಿ ಆಡುತ್ತಿರಬೇಕು, ಬಾಚಣಿಗೆ ಎಲ್ಲಿಯೂ ನಿಲ್ಲಬಾರದು. ನಡುವೆ ಬಾಚಣಿಗೆ ನಿಂತು ಕತ್ತರಿ ಮಾತ್ರ ಆಡಿದರೆ ಅದೇ ಎತ್ತರದಲ್ಲಿ ಅಡ್ಡಗೆರೆ ಮೂಡುತ್ತದೆ; ಮೆಟ್ಟಿಲುಗಳು ಹುಟ್ಟುವುದು ಹೀಗೆಯೇ. ಒಂದು ಸಲಕ್ಕೆ ಅಲಗಿನ ಉದ್ದಕ್ಕಿಂತ ಅಗಲವಾದ ಜಾಗವನ್ನು ತೆಗೆದುಕೊಳ್ಳಬೇಡಿ, ಮುಂದಿನ ಸಾಲು ಹಿಂದಿನದರ ಮೇಲೆ ಸ್ವಲ್ಪ ಹಾಯ್ದುಹೋಗಲಿ.

ಅಡ್ಡಗೆರೆ ಮೂಡಿಬಿಟ್ಟರೆ ಗಾಬರಿಯಿಂದ ಅದೇ ಜಾಗವನ್ನು ಮತ್ತೆ ಕತ್ತರಿಸಬಾರದು, ಕತ್ತರಿಸಿದಷ್ಟೂ ಹೊಂಡವಾಗುತ್ತದೆ. ಗೆರೆಯ ಮೇಲ್ಭಾಗದ ಉದ್ದ ಕೂದಲನ್ನು ಒತ್ತು ಹಲ್ಲುಗಳಲ್ಲಿ ಎತ್ತಿ, ತುದಿಗಳನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಅದನ್ನು ಕೆಳಗಿನದಕ್ಕೆ ಹೊಂದಿಸಿ. ಬಾಚಣಿಗೆಯ ದಿಕ್ಕನ್ನು ಬದಲಿಸಿ ಓರೆಯಾಗಿ ಹಾಯಿಸಿದರೂ ಗೆರೆ ಒಡೆಯುತ್ತದೆ.

ಹಂತ 8: ಕಿವಿ, ಸುಳಿ ಮತ್ತು ಹಣೆ

ಕಿವಿಯ ಬಳಿ ಎಡಗೈಯ ಬೆರಳಿನಿಂದ ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿದು, ಅಲಗಿನ ತುದಿ ಎಲ್ಲಿದೆ ಎಂದು ನೋಡಿಕೊಂಡೇ ಕತ್ತರಿಯನ್ನು ಮುಚ್ಚಬೇಕು. ಕಿವಿಯ ಮೇಲೆ ಬೀಳುವ ಕೂದಲನ್ನು ಜಗ್ಗಿ ಕತ್ತರಿಸಿದರೆ ಕಿವಿಯ ಉಬ್ಬು ಅದನ್ನು ಎತ್ತಿಬಿಡುವುದರಿಂದ ಆ ಜಾಗದಲ್ಲಿ ಮಾತ್ರ ಗಿಡ್ಡವಾಗುತ್ತದೆ, ಆದ್ದರಿಂದ ಬಿಗಿಯಿಲ್ಲದೆ, ವಿರಳ ಹಲ್ಲುಗಳಲ್ಲಿ ಹಿಡಿದು ಕತ್ತರಿಸಿ.

ಸುಳಿಯಿರುವಲ್ಲಿ ಸುತ್ತಲಿನದಕ್ಕಿಂತ ಸ್ವಲ್ಪ ಉದ್ದವಾಗಿಯೇ ಬಿಡಿ. ಗಿಡ್ಡ ಮಾಡಿದಷ್ಟೂ ಅದು ನೆಟ್ಟಗೆ ನಿಲ್ಲುತ್ತದೆ. ಹಣೆಯ ಮೇಲಿನ ಕೂದಲನ್ನು ಕೊನೆಗೆ ಇಟ್ಟುಕೊಳ್ಳಿ, ಕುಳಿತವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಬೇಕೆನಿಸಿದ್ದಕ್ಕಿಂತ ಉದ್ದವಾಗಿ ಕತ್ತರಿಸಿ, ಒಣಗಿದ ಮೇಲೆ ಮಾತ್ರ ಉಳಿದದ್ದನ್ನು ತೆಗೆಯಿರಿ.

ಮಕ್ಕಳಿಗೆ ಕತ್ತರಿಸುವಾಗ ಕತ್ತರಿ ಹಿಡಿದ ಕೈಯ ಕಿರುಬೆರಳಿನ ಬದಿಯನ್ನು ಅಥವಾ ಎಡಗೈಯನ್ನು ಮಗುವಿನ ತಲೆಗೆ ಹಗುರವಾಗಿ ತಾಗಿಸಿಟ್ಟುಕೊಳ್ಳಿ. ಮಗು ತಟ್ಟನೆ ತಲೆ ತಿರುಗಿಸಿದರೆ ಕೈಯೂ ಅದರೊಂದಿಗೆ ಸರಿಯುತ್ತದೆ, ಅಲಗು ಚುಚ್ಚುವುದಿಲ್ಲ. ಮಗು ಅಳುತ್ತಿರುವಾಗ ಅಥವಾ ಕೊಸರಾಡುತ್ತಿರುವಾಗ ಕತ್ತರಿಯನ್ನು ಮುಚ್ಚಿ ಅಂಗೈಯಲ್ಲಿ ಅಡಗಿಸಿ ಕಾಯುವುದೊಂದೇ ದಾರಿ.

ಹಂತ 9: ಅಡ್ಡಪರೀಕ್ಷೆ

ಯಾವ ದಿಕ್ಕಿನ ಬೈತಲೆಗಳಲ್ಲಿ ಕತ್ತರಿಸಿದಿರೋ ಅದಕ್ಕೆ ಅಡ್ಡ ದಿಕ್ಕಿನಲ್ಲಿ ಬೈತಲೆ ತೆಗೆದು ಕೂದಲನ್ನು ಎತ್ತಿ ನೋಡಿ. ಮೇಲಿನಿಂದ ಕೆಳಕ್ಕೆ ಕತ್ತರಿಸಿದ್ದರೆ ಈಗ ಅಡ್ಡಲಾಗಿ ಎತ್ತಿ ನೋಡಬೇಕು. ಹೊರಚಾಚಿದ ಎಳೆಗಳನ್ನು ಮಾತ್ರ ತೆಗೆಯಿರಿ. ಹೊಂಡದಂತೆ ಕಂಡ ಕಡೆ ಸುತ್ತಲಿನದನ್ನು ಅದಕ್ಕೆ ಸರಿಗಟ್ಟಲು ಹೋಗಬೇಡಿ. ಎಡ ಮತ್ತು ಬಲಗಳನ್ನು ಹೋಲಿಸಲು ಕುಳಿತವರ ಎದುರು ನಿಂತು ಎರಡು ಕಡೆಯಿಂದಲೂ ಒಂದೊಂದು ಎಳೆಗೊಂಚಲನ್ನು ಹಿಡಿದು ಕನ್ನಡಿಯಲ್ಲಿಯೂ ನೋಡಿ.

ಗೆರೆ ತೀರಾ ಗಡುಸಾಗಿ ಕಂಡರೆ ಕತ್ತರಿಯ ತುದಿಯನ್ನು ಕೂದಲಿನ ಉದ್ದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು, ತುದಿಗಳಲ್ಲಿ ಅರ್ಧ ಸೆಂಟಿಮೀಟರಿನಷ್ಟು ಒಳಗೆ ಸಣ್ಣ ಸಣ್ಣ ಕಚ್ಚುಗಳನ್ನು ಮಾಡಿ. ಒಂದು ಅಲಗಿನಲ್ಲಿ ಹಲ್ಲುಗಳಿರುವ, ಕೂದಲು ತೆಳುಮಾಡುವ ಕತ್ತರಿಯನ್ನು ಈ ಹಂತದಲ್ಲಿ ಹೊಸಬರು ಮುಟ್ಟದಿರುವುದೇ ಒಳ್ಳೆಯದು. ಅದರ ತಪ್ಪು ಕೂಡಲೇ ಕಾಣುವುದಿಲ್ಲ. ಬುಡದ ಬಳಿ ಬಳಸಿದರೆ ಗಿಡ್ಡ ಎಳೆಗಳು ಬೆಳೆಯುತ್ತಾ ಉದ್ದ ಕೂದಲನ್ನು ಮೇಲಕ್ಕೆ ತಳ್ಳುತ್ತವೆ.

ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಕೂದಲು ಅಲಗುಗಳ ನಡುವೆ ಮಡಚಿಕೊಳ್ಳುವುದು, ಮುಚ್ಚುವಾಗ ಒಂದೇ ಜಾಗದಲ್ಲಿ ತಡೆಯಾಗುವುದು, ಕುಳಿತವರು ಕೂದಲು ಎಳೆದಂತಾಯಿತು ಎನ್ನುವುದು ಇವೆಲ್ಲ ಕತ್ತರಿಯ ದೋಷದ ಗುರುತುಗಳು. ಇವು ಕಂಡಾಗ ಹೆಬ್ಬೆರಳಿನಿಂದ ಹೆಚ್ಚು ಒತ್ತಿ ಮುಂದುವರಿಯಬೇಡಿ, ಮೊದಲ ಹಂತದ ಪರೀಕ್ಷೆಗೆ ಮರಳಿ. ಹೆಬ್ಬೆರಳಿನ ಬುಡದಲ್ಲಿ ನೋವು, ಬೆರಳುಗಳಲ್ಲಿ ಜುಮ್ಮೆನ್ನುವಿಕೆ ಅಥವಾ ಮರಗಟ್ಟುವಿಕೆ ಬಂದರೆ ಹಿಡಿತ ತಪ್ಪಿದೆ. ಕೈಗೆ ವಿಶ್ರಾಂತಿ ಕೊಡಬೇಕು, ಮತ್ತೆ ಮತ್ತೆ ಬರುತ್ತಿದ್ದರೆ ವೈದ್ಯರನ್ನು ಕಾಣಬೇಕು. ಇನ್ನೂ ಒಂದು ಸೂಚನೆಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ: ಎರಡು ಪಕ್ಕಗಳನ್ನು ಸಮ ಮಾಡಲು ಮೂರನೆಯ ಸಲ ಕತ್ತರಿ ಎತ್ತುತ್ತಿದ್ದೀರಿ ಎಂದಾದರೆ ಅಲ್ಲಿಗೆ ನಿಲ್ಲಿಸಿ, ಕೂದಲನ್ನು ಪೂರ್ತಿ ಒಣಗಿಸಿ ನೋಡಿ. ಅಸಮವೆಂದು ಕಂಡದ್ದು ಬಹಳ ಸಲ ಒದ್ದೆತನದ ವ್ಯತ್ಯಾಸವಾಗಿರುತ್ತದೆ.

ಚರ್ಮ ಕೊಯ್ದು ರಕ್ತ ಬಂದರೆ ಕೂಡಲೇ ಕತ್ತರಿಯನ್ನು ಬದಿಗಿಟ್ಟು, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ, ರಕ್ತ ನಿಂತ ಮೇಲೆ ತೊಳೆದು ಪಟ್ಟಿ ಹಾಕಿ. ಅದೇ ಕತ್ತರಿಯನ್ನು ಶುದ್ಧಗೊಳಿಸದೆ ಮತ್ತೆ ಯಾರ ತಲೆಗೂ ಬಳಸಬಾರದು.

ಕೆಲಸ ಮುಗಿದ ಮೇಲೆ

ಬಾಚಣಿಗೆಯ ಹಲ್ಲುಗಳಲ್ಲಿ ಸಿಕ್ಕ ಕೂದಲನ್ನು ತೆಗೆದು, ಸಾಬೂನು ನೀರಿನಲ್ಲಿ ಉಜ್ಜಿ ತೊಳೆದು, ಆಮೇಲೆ ಸೋಂಕುನಿವಾರಕ ದ್ರಾವಣದಲ್ಲಿ ಅದರ ಡಬ್ಬಿಯ ಮೇಲೆ ಬರೆದಿರುವಷ್ಟು ಹೊತ್ತು ಮುಳುಗಿಸಿ. ತೊಳೆಯದೆ ಮುಳುಗಿಸಿದರೆ ಕೊಳೆಯ ಕೆಳಗೆ ದ್ರಾವಣ ತಲುಪುವುದಿಲ್ಲ. ಕತ್ತರಿಯನ್ನು ಮೆತ್ತನೆಯ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಒರೆಸಿ, 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿಗೊಳಿಸಿ, ಪೂರ್ತಿ ಒಣಗಿದ ಮೇಲೆ ಸ್ಕ್ರೂ ಇರುವಲ್ಲಿ ಒಂದು ಹನಿ ಕತ್ತರಿ ಎಣ್ಣೆ ಬಿಟ್ಟು ಕೆಲವು ಸಲ ನಿಧಾನವಾಗಿ ತೆರೆದು ಮುಚ್ಚಿ, ಹೆಚ್ಚಾದ ಎಣ್ಣೆಯನ್ನು ಒರೆಸಿ. ಅಡುಗೆ ಎಣ್ಣೆಯನ್ನು ಬಳಸಬಾರದು, ಅದು ಅಂಟಾಗಿ ಕೂದಲಿನ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕತ್ತರಿಯನ್ನು ಮುಚ್ಚಿದ ಸ್ಥಿತಿಯಲ್ಲಿಯೇ ಚೀಲದಲ್ಲಿಡಿ. ಅದು ಎಂದಾದರೂ ಕೈಜಾರಿ ನೆಲಕ್ಕೆ ಬಿದ್ದರೆ, ನೋಡಲು ಏನೂ ಆಗಿಲ್ಲವೆನಿಸಿದರೂ, ಒದ್ದೆ ಕಾಗದದ ಪರೀಕ್ಷೆಯನ್ನು ಅಲಗಿನ ಪೂರ್ತಿ ಉದ್ದಕ್ಕೂ ಮತ್ತೊಮ್ಮೆ ಮಾಡದೆ ಯಾರ ಕೂದಲಿಗೂ ತಾಗಿಸಬೇಡಿ.